ಅಳು ಬರುತ್ತಿಲ್ಲ, ಸಿಟ್ಟು ಬರುತ್ತಿದೆ

ಗದಗ ಜಿಲ್ಲೆಯ ಸ್ಟಾಫ್ ನರ್ಸ್ ಒಬ್ಬರ ಪತ್ರ: ‘ಒಂದ ವಾರದಾಗ ವಾರ್ಡಿನ್ಯಾಗ ಮೂರು ಸಾವು ನೋಡಿದೆ. ಮೊದಲ ಅಳು ಬರತಿತ್ತು, ಈಗ ಏನೂ ಅನಿಸಂಗಿಲ್ಲ. ಮನೀಗೆ ಹೋದ್ರ ಮಕ್ಕಳ ಮ್ಯಾಲೆ ಸಿಟ್ಟು ಮಾಡತೀನಿ. ಸೀನಿಯರ್‌ಗಳು ಗಟ್ಟಿ ಆಗ್ರಿ ಅಂತಾರ. ಗಟ್ಟಿ ಆಗೂದಂದ್ರ ಇದ ಏನ್ರಿ?’

ಅಲ್ಲ, ಸಿಸ್ಟರ್. ಅಳು ಬಾರದ್ದಕ್ಕೆ ಹೆದರಬೇಡಿ. ವರ್ಷಗಟ್ಟಲೆ ಈ ಕೆಲಸದಲ್ಲಿರುವವರು ಪ್ರತಿ ಸಾವಿಗೂ ಅಳುವುದಿಲ್ಲ. ನಾವು ಕೇಳುವುದು ಆ ಸಿಟ್ಟಿನ ಬಗ್ಗೆ. ಏನು ಮಾಡಬೇಕೆಂದು ಗೊತ್ತಿದ್ದೂ ಮಾಡಲಾಗದೆ ಮನೆಗೆ ಹೋದ ದಿನ ಅದು ಹೆಚ್ಚಿರುತ್ತದೆಯೇ, ನೋಡಿಕೊಳ್ಳಿ. 1984ರಲ್ಲಿ ಅಮೆರಿಕದ ನೀತಿಶಾಸ್ತ್ರ ಚಿಂತಕ ಆಂಡ್ರ್ಯೂ ಜೇಮ್ಟನ್ ನರ್ಸುಗಳ ಈ ನೈತಿಕ ಸಂಕಟದ ಬಗ್ಗೆ ಬರೆದರು. ಇದಕ್ಕೆ ಧ್ಯಾನ ಶಿಬಿರ ಸಾಲದು, ವಾರ್ಡಿನ ಕೆಲಸವೇ ಸರಿಯಾಗಬೇಕು.

ಉದಾಹರಣೆಗೆ ರೋಗಿಯ ನೋವನ್ನೇ ತೆಗೆದುಕೊಳ್ಳಿ. ಬಾಯಿಂದ ಕೊಡುವ ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು 4 ತಾಸು. ‘ಬೇಕಾದಾಗ ಕೊಡಿ’ ಎಂದು ಬರೆದಿದ್ದರೆ ರೋಗಿ ಕೂಗುವವರೆಗೆ ಯಾರೂ ಕೊಡುವುದಿಲ್ಲ. ಆ ಕೂಗು ಕೇಳುವವರು ನೀವು. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10, ನಡುರಾತ್ರಿ 2 ಎಂದು ಗಡಿಯಾರಕ್ಕೆ ಕಟ್ಟಿ, ನಡುವೆ ನೋವೆದ್ದರೆ ಕೊಡುವ ಡೋಸನ್ನೂ ಮಲಬದ್ಧತೆಯ ಔಷಧಿಯನ್ನೂ ಜೊತೆಗೇ ಬರೆಸಲು ರೌಂಡ್ಸ್‌ನಲ್ಲೇ ಡಾಕ್ಟರರನ್ನು ಕೇಳಿ. ಮಾರ್ಫಿನ್‌ನಿಂದ ಹೊಟ್ಟೆ ಕಟ್ಟಿದರೆ ರೋಗಿ ಮಾತ್ರೆಯನ್ನೇ ಬಿಡುತ್ತಾರೆ.

ಕೊನೆಯ ತಾಸುಗಳ ಗೊರಗೊರ ಸದ್ದು ಇನ್ನೊಂದು. ನುಂಗುವ ಶಕ್ತಿ ಹೋಗಿ ಗಂಟಲಲ್ಲಿ ನಿಂತ ದ್ರವದ ಸದ್ದದು. ‘ಉಸಿರು ಕಟ್ಟಾಕತ್ತೈತ್ರಿ ಸಿಸ್ಟರ್!’ ಎಂದು ಮನೆಯವರು ಓಡಿ ಬಂದರೆಂದು ದ್ರವ ಹೀರುವ ಸಕ್ಷನ್ ಪೈಪನ್ನು ಆಳಕ್ಕೆ ಇಳಿಸಿದರೆ ಗಂಟಲು ಕೆರಳಿ ದ್ರವ ಹೆಚ್ಚುತ್ತದೆ. ಮಗ್ಗುಲಿಗೆ ಹೊರಳಿಸಿ, ತಲೆ ತುಸು ಎತ್ತರಿಸಿ, ಬಾಯಿ ಒರೆಸಿ. ಹಯೋಸಿನ್ ಎಂಬ ಔಷಧಿ ಹೊಸ ದ್ರವವನ್ನು ತಗ್ಗಿಸುತ್ತದೆ, ಆಗಲೇ ನಿಂತದ್ದನ್ನು ತೆಗೆಯುವುದಿಲ್ಲ. ಹಾಗಾಗಿ ಸದ್ದು ಶುರುವಾದಾಗಲೇ ಡಾಕ್ಟರರಿಗೆ ಹೇಳಿ. ಅದಕ್ಕೂ ಮುಂಚೆ, ಇಂಥದ್ದು ಬರಬಹುದು, ಆಗ ರೋಗಿಗೆ ಬಹುಶಃ ಅರಿವಿರುವುದಿಲ್ಲ ಎಂದು ಮನೆಯವರನ್ನು ಕೂಡಿಸಿ ತಿಳಿಸಿಡಿ. ಕಡೆಗೆ ಬೈಗುಳ ತಿನ್ನುವುದು ಸಾಮಾನ್ಯವಾಗಿ ಈ ಮಾತು ಹೇಳದೇ ಉಳಿದಾಗ.

ಸಾವಾದ ಮೇಲೆ ಹಾಸಿಗೆ ಖಾಲಿ ಮಾಡುವ ಅವಸರ ಇದ್ದೇ ಇರುತ್ತದೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯ ನರ್ಸ್ ಜೊನಾಥನ್ ಬಾರ್ಟೆಲ್ಸ್ ಒಂದು ರೂಢಿ ತಂದರು: ಅಲ್ಲಿದ್ದವರೆಲ್ಲ ಹಾಸಿಗೆಯ ಸುತ್ತ ಒಂದು ನಿಮಿಷದಷ್ಟು ಹೊತ್ತು ಮೌನವಾಗಿ ನಿಲ್ಲುವುದು, ಆಮೇಲೆ ಮುಂದಿನ ಕೆಲಸ. ಖರ್ಚಿಲ್ಲ, ಮೇಲಿನವರ ಆದೇಶವೂ ಬೇಕಿಲ್ಲ.

ಆದರೆ ಅದೇ ದಿನ ಎಲ್ಲರನ್ನೂ ಕೂಡಿಸಿ ‘ಮನಸ್ಸಿನಾಗಿಂದು ಹೇಳ್ರಿ’ ಎಂದು ಒತ್ತಾಯಿಸುವುದು ಬೇಡ. ಇಂಥ ಒಂದೇ ಬಾರಿಯ ಕಡ್ಡಾಯ ಸಭೆಗಳು ಮುಂದಿನ ಮಾನಸಿಕ ತೊಂದರೆ ತಡೆಯುತ್ತವೆಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ವಾರಕ್ಕೊಮ್ಮೆ ಅರ್ಧ ತಾಸು, ಬರುವವರು ಬರಲಿ. ಏನು ಸರಿಯಾಯಿತು, ಏನು ತಪ್ಪಿತು, ಮುಂದೆ ಏನು ಬದಲಿಸೋಣ ಎಂದಷ್ಟೇ ಮಾತು. ಡ್ಯೂಟಿ ಪಟ್ಟಿ ಬರೆಯುವವರೂ ಕೂಡಬೇಕು, ಏಕೆಂದರೆ ಸಾಯುವ ಸ್ಥಿತಿಯಲ್ಲಿರುವ ರೋಗಿಗಳೆಲ್ಲ ಒಬ್ಬರ ಪಾಲಿಗೇ ಬೀಳುವುದನ್ನು ತಪ್ಪಿಸುವುದು ಅವರ ಕೈಯಲ್ಲಿದೆ. ಬಸ್ ಹತ್ತಿದ ಮೇಲೆ ವಾರ್ಡಿನ ವಾಟ್ಸ್ಆ್ಯಪ್ ಗ್ರೂಪ್ ಮ್ಯೂಟ್ ಮಾಡಿ.

ಎರಡು ವಾರವಾದರೂ ನಿದ್ದೆ ಸರಿಹೋಗದಿದ್ದರೆ, ರೋಗಿಯ ಹತ್ತಿರ ಹೋಗಲೇ ಮನಸ್ಸಾಗದಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ತೋರಿಸಿ. ಬದುಕೇ ಬೇಡವೆನಿಸಿದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.