ಸಿಮಾಸ್ ಇನ್ವರ್ಟರ್‌ನಲ್ಲಿ ಕರೆಂಟೇ ಹರಿಯದಿದ್ದರೂ ಪಿಮಾಸ್ ಆನ್ ಅನ್ನುವುದು ಯಾಕೆ?

ಸಿಮಾಸ್ ಇನ್ವರ್ಟರ್ ಅಂದರೆ ಇನ್‌ಪುಟ್ಟನ್ನು ತಿರುವಿ ಕೊಡುವ ಸರ್ಕ್ಯೂಟ್: ಸಪ್ಲೈ ಕಡೆ ಪಿಮಾಸ್, ಗ್ರೌಂಡ್ ಕಡೆ ಎನ್‌ಮಾಸ್ ಅನ್ನುವ ಎರಡು ಮಾಸ್‌ಫೆಟ್ ಟ್ರಾನ್ಸಿಸ್ಟರ್‌ಗಳು; ಇನ್‌ಪುಟ್ ಎರಡರ ಗೇಟಿಗೂ, ಔಟ್‌ಪುಟ್ ಅವೆರಡೂ ಸೇರುವಲ್ಲಿ. ಇನ್‌ಪುಟ್ 0 ಇದ್ದಾಗ ಎನ್‌ಮಾಸ್ ಆಫ್, ಕರೆಂಟ್ ಇಲ್ಲ. ಆದರೂ ಪಿಮಾಸ್ ಆನ್, ಅದೂ ಲೀನಿಯರ್ ಭಾಗದಲ್ಲಿ (ಎರಡು ತುದಿಗಳ ನಡುವಿನ ವೋಲ್ಟೇಜ್ ಏರಿದಂತೆ ಕರೆಂಟೂ ಏರುವ ಭಾಗ) ಅಂತ ಪುಸ್ತಕದಲ್ಲಿರುವುದು ನಿಮ್ಮ ಗೊಂದಲ, ಅಲ್ವಾ?

ಆನ್ ಅಂದರೆ ಗೇಟಿನ ಕೆಳಗೆ ಚಾನಲ್, ಅಂದರೆ ಕರೆಂಟ್ ಹರಿಯುವ ದಾರಿ, ಮೂಡಿದೆ ಅಂತ, ಅಷ್ಟೇ. ಕರೆಂಟ್ ಹರಿಯಬೇಕಾದರೆ ಆ ದಾರಿಯ ಎರಡು ತುದಿಗಳಾದ ಡ್ರೇನ್ ಮತ್ತು ಸೋರ್ಸ್ ನಡುವೆಯೂ ವೋಲ್ಟೇಜ್ ಬೇಕು. ಪಿಮಾಸ್‌ನ ಸೋರ್ಸ್ 5 ವೋಲ್ಟಿನಲ್ಲಿದೆ, ಔಟ್‌ಪುಟ್ ಕೂಡ ಅಲ್ಲೇ ಇದೆ. ನಡುವೆ ಉಳಿದಿದ್ದು ಸೊನ್ನೆ. ಹಾಗಾಗಿ ಕರೆಂಟೂ ಸೊನ್ನೆ, ಭಾಗವೂ ಲೀನಿಯರ್. ಬೈಪೋಲಾರ್ ಟ್ರಾನ್ಸಿಸ್ಟರ್ ಮೊದಲು ಕಲಿತವರಿಗೆ ಇಲ್ಲಿ ತಲೆ ಕೆಡುವುದು ಸಹಜ. ಅಲ್ಲಿ ಪೂರ್ತಿ ಆನ್ ಆದ ಸ್ಥಿತಿಗೆ ಸ್ಯಾಚುರೇಷನ್ ಅನ್ನುತ್ತಾರೆ, ಮಾಸ್‌ಫೆಟ್‌ನಲ್ಲಿ ಅದೇ ಸ್ಥಿತಿ ಲೀನಿಯರ್.

ಇನ್ನು ಇನ್‌ಪುಟ್ ಮೆಲ್ಲಗೆ ಏರಿಸಿ. ಎರಡರ ಥ್ರೆಶೋಲ್ಡೂ (ಚಾನಲ್ ಮೂಡಲು ಗೇಟ್ ಮತ್ತು ಸೋರ್ಸ್ ನಡುವೆ ಬೇಕಾದ ಕನಿಷ್ಠ ವೋಲ್ಟೇಜ್) 1 ವೋಲ್ಟ್, ಶಕ್ತಿಯೂ ಸಮ ಅಂದುಕೊಳ್ಳೋಣ. ಎರಡೂ ಸರಣಿಯಲ್ಲಿರುವುದರಿಂದ ಕರೆಂಟ್ ಒಂದೇ ಆಗಿರಬೇಕು. ನಾನು ಯಾವಾಗಲೂ ಹಿಡಿಯುವುದು ಈ ಎಳೆಯನ್ನೇ. ಇನ್‌ಪುಟ್ 2 ವೋಲ್ಟ್ ಆದಾಗ ಎನ್‌ಮಾಸ್ ಥ್ರೆಶೋಲ್ಡಿಗಿಂತ 1 ವೋಲ್ಟ್ ಮೇಲಿದೆ, ಪಿಮಾಸ್‌ನ ಸೋರ್ಸ್ 5ರಲ್ಲಿರುವುದರಿಂದ ಅದರ ಗೇಟ್-ಸೋರ್ಸ್ ನಡುವೆ 3 ವೋಲ್ಟ್, ಅಂದರೆ ಅದು 2 ವೋಲ್ಟ್ ಮೇಲಿದೆ. ಎನ್‌ಮಾಸ್ ಸ್ಯಾಚುರೇಷನ್‌ನಲ್ಲಿ (ಮಾಸ್‌ಫೆಟ್‌ನಲ್ಲಿ ಇದು ಡ್ರೇನ್ ವೋಲ್ಟೇಜ್ ಏರಿದರೂ ಕರೆಂಟ್ ಹೆಚ್ಚೇನೂ ಬದಲಾಗದ ಸ್ಥಿತಿ) ನಿಂತು ಕರೆಂಟ್ ಎಷ್ಟೆಂದು ತೀರ್ಮಾನಿಸುತ್ತದೆ. ಅಷ್ಟನ್ನು ಕೊಡಲು ಪಿಮಾಸ್‌ಗೆ ತನ್ನ ಮೇಲೆ 0.27 ವೋಲ್ಟ್ ಬಿದ್ದರೆ ಸಾಕು. ಔಟ್‌ಪುಟ್ ಇನ್ನೂ 4.73. ಇನ್‌ಪುಟ್ 3 ವೋಲ್ಟ್ ಆದರೆ ಎಲ್ಲ ತಲೆಕೆಳಗು, ಔಟ್‌ಪುಟ್ 0.27.

ಅಂದರೆ ಆಟವೆಲ್ಲ ಆ ನಡುವಿನ ಒಂದು ವೋಲ್ಟಿನಲ್ಲೇ. ಸರಿಯಾಗಿ 2.5ರಲ್ಲಿ ಎರಡೂ ಸ್ಯಾಚುರೇಷನ್‌ನಲ್ಲಿರುತ್ತವೆ. ಸರಳ ಸೂತ್ರದ ಪ್ರಕಾರ ಔಟ್‌ಪುಟ್ ಆಗ 1.5ರಿಂದ 3.5ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಗ್ರಾಫಿನ ಗೆರೆ ಅಲ್ಲಿ ನೆಟ್ಟಗೆ ಇಳಿಯುವುದು ಇದಕ್ಕೇ. ನಿಜವಾದ ಟ್ರಾನ್ಸಿಸ್ಟರ್‌ನಲ್ಲಿ ಸ್ವಲ್ಪ ವಾಲಿರುತ್ತದೆ. ಸಪ್ಲೈಯಿಂದ ಗ್ರೌಂಡಿಗೆ ಹರಿಯುವ ಕರೆಂಟ್ ಅತಿ ಜಾಸ್ತಿ ಇರುವುದೂ ಇಲ್ಲೇ: 2 ವೋಲ್ಟಿನಲ್ಲಿ ಇದ್ದದ್ದರ 2.25 ಪಟ್ಟು.

ಸುಮ್ನೆ ನಂಬಬೇಡಿ, ಒಂದು ಸಿಡಿ4007 ಐಸಿ (ಒಳಗೆ ಬಿಡಿ ಮಾಸ್‌ಫೆಟ್‌ಗಳಿರುವ ಚಿಪ್) ತಂದು ಅಳೆದು ನೋಡಿ. 14 ಮತ್ತು 11ನೇ ಪಿನ್ನುಗಳಿಗೆ 5 ವೋಲ್ಟ್, 7 ಮತ್ತು 9ಕ್ಕೆ ಗ್ರೌಂಡ್. 10 ಇನ್‌ಪುಟ್, 12 ಔಟ್‌ಪುಟ್. ಇನ್‌ಪುಟ್‌ಗೆ ಒಂದು ಪಾಟ್ (ತಿರುಗಿಸಿ ವೋಲ್ಟೇಜ್ ಬದಲಿಸುವ ರೆಸಿಸ್ಟರ್), ಸಪ್ಲೈ ದಾರಿಯಲ್ಲಿ ಮಲ್ಟಿಮೀಟರ್. ಇದರ ಥ್ರೆಶೋಲ್ಡ್ ಬೇರೆ ಇರುವುದರಿಂದ ಅಂಕಿ ನನ್ನ ಲೆಕ್ಕದಂತೆ ಬರುವುದಿಲ್ಲ, ಆದರೆ ಕರೆಂಟ್ ನಡುವೆ ಏರಿ ಮತ್ತೆ ಇಳಿಯುವುದು ಕಾಣುತ್ತದೆ. ಬಳಸದ ಗೇಟುಗಳಾದ 3 ಮತ್ತು 6ನೇ ಪಿನ್ನುಗಳನ್ನು ಗ್ರೌಂಡಿಗೆ ಕಟ್ಟಿ. ಗೇಟ್ ತೇಲಾಡುತ್ತಾ ಬಿಟ್ಟರೆ ಅದು ಯಾವ ವೋಲ್ಟೇಜಿನಲ್ಲಿ ನಿಲ್ಲುತ್ತದೋ ಹೇಳಲಾಗದು.