ಪದ ಸಣ್ಣದಾದರೂ ಮೊತ್ತ ಯಾಕೆ ನಿಲ್ಲುವುದಿಲ್ಲ?

ಪ್ರಶ್ನೆ: ಗದಗಿನವಳು, ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. 1 + 1/2 + 1/3 + 1/4... ಹೀಗೆ ಕೂಡುತ್ತಾ ಹೋದರೆ ಮೊತ್ತಕ್ಕೆ ಮಿತಿಯೇ ಇಲ್ಲವಂತೆ. ಪದಗಳು ಸೊನ್ನೆಯತ್ತ ಹೋಗುವಾಗ ಇದು ಹೇಗೆ? ಎರಡು ಚರಗಳ ಲಿಮಿಟ್ ಕೂಡ ತಲೆಗೆ ಹತ್ತುತ್ತಿಲ್ಲ.

ಉತ್ತರ: ತಂಗಿ, ಸೂತ್ರ ಬದಿಗಿಟ್ಟು ಪದಗಳನ್ನು ಗುಂಪು ಮಾಡು. 1/3 ಮತ್ತು 1/4 ಕೂಡಿದರೆ ಅರ್ಧಕ್ಕಿಂತ ಜಾಸ್ತಿ. 1/5ರಿಂದ 1/8ರ ತನಕ ನಾಲ್ಕು ಪದ, ಯಾವುದೂ 1/8ಕ್ಕಿಂತ ಕಡಿಮೆ ಇಲ್ಲ. ಅಲ್ಲೂ ಅರ್ಧ ದಾಟಿತು. ಮುಂದೆ ಎಂಟು ಪದ, ಆಮೇಲೆ ಹದಿನಾರು. ಪ್ರತಿ ಗುಂಪೂ ಇನ್ನೊಂದು ಅರ್ಧ ಕೊಡುತ್ತಲೇ ಇದ್ದರೆ ಮೊತ್ತ ನಿಲ್ಲುವುದೆಲ್ಲಿ? 14ನೇ ಶತಮಾನದಲ್ಲಿ ಫ್ರಾನ್ಸಿನ ಗಣಿತಜ್ಞ ಒರೆಮ್ ತೋರಿಸಿದ ದಾರಿ ಇದು. ಇಷ್ಟು ಚೆಂದದ ಸಾಧನೆಗಳು (ಪ್ರೂಫ್) ಗಣಿತದಲ್ಲೂ ಕಡಿಮೆ.

ಆದರೆ ಬೆಳವಣಿಗೆ ಬಹಳ ನಿಧಾನ. ಮೊತ್ತ 10 ದಾಟಲು 12,367 ಪದ ಬೇಕು. ಸುಮ್ನೆ ಕ್ಯಾಲ್ಕುಲೇಟರ್ ನೋಡುತ್ತ ಕೂತರೆ ನಿಂತೇಬಿಟ್ಟಿತು ಅನಿಸುತ್ತದೆ, ಅಲ್ವಾ? ಛೇದಗಳನ್ನು ವರ್ಗ ಮಾಡಿ 1 + 1/4 + 1/9... ಎಂದು ಕೂಡಿದರೆ ನಿಜಕ್ಕೂ ನಿಲ್ಲುತ್ತದೆ, ಸುಮಾರು 1.645ರ ಹತ್ತಿರ. ಅದು ಪೈ ವರ್ಗದ ಆರನೇ ಒಂದು ಭಾಗ ಎಂದು ಕಂಡುಹಿಡಿದವನು ಗಣಿತಜ್ಞ ಆಯ್ಲರ್.

ಇನ್ನು ಎರಡು ಚರಗಳ ಲಿಮಿಟ್, ಅಂದರೆ x, y ಎರಡೂ ಸೇರಿ ಒಂದು ಬಿಂದುವಿನ ಹತ್ತಿರ ಬಂದಾಗ ಫಲನದ ಬೆಲೆ ಯಾವುದರತ್ತ ಹೋಗುತ್ತದೆ ಎಂಬುದು. ಜುಬಿಲಿ ಸರ್ಕಲ್‌ಗೆ ಯಾವ ರಸ್ತೆಯಿಂದ ಬಂದರೂ ಅದೇ ಸರ್ಕಲ್ ಸಿಗಬೇಕು, ಹಾಗೆ ಯಾವ ದಾರಿಯಲ್ಲಿ ಬಂದರೂ ಅದೇ ಬೆಲೆ ಬರಬೇಕು. ನೇರ ಗೆರೆಗಳಲ್ಲಿ ಬಂದು ನೋಡಿದರೆ ಸಾಲದು, ಪ್ಯಾರಾಬೋಲಾದಂಥ (y = x² ತರಹದ) ಬಾಗಿದ ಗೆರೆಯ ಮೇಲಿಂದಲೂ ಬಂದು ನೋಡು.