ಮೋಟಾರಿಲ್ಲದೆ ವ್ಯಾಕ್ಯೂಮ್ ಬರುವುದು ಹೇಗೆ?

ಪ್ರಶ್ನೆ: ನಮ್ಮ ಪ್ಲಾಂಟ್‌ನಲ್ಲಿ ಸ್ಟೀಮ್ ಎಜೆಕ್ಟರ್ (ಸ್ಟೀಮ್ ಬಳಸಿ ಪಾತ್ರೆಯೊಳಗಿನ ಗಾಳಿ ಎಳೆದು ವ್ಯಾಕ್ಯೂಮ್ ಮಾಡುವ ಸಾಧನ) ಇದೆ. ಅದರಲ್ಲಿ ತಿರುಗುವ ಭಾಗವೇ ಇಲ್ಲ, ಆದರೂ ಗಾಳಿ ಎಳೆಯುವುದು ಹೇಗೆ? ವ್ಯಾಕ್ಯೂಮ್ ಕಡಿಮೆಯಾದಾಗ ಸ್ಟೀಮ್ ಪ್ರೆಶರ್ ಏರಿಸಿದರೆ ಸಾಕಾ?

ಉತ್ತರ: ಇಲ್ಲಿ ಕೆಲಸ ಮಾಡುವುದು ಸ್ಟೀಮಿನ ವೇಗ. ಸ್ಟೀಮ್ ಚಿಮ್ಮುವ ಮೂತಿ, ಅಂದರೆ ನಾಝಲ್, ನಡುವೆ ಕಿರಿದಾಗಿ ಮತ್ತೆ ಅಗಲವಾಗುತ್ತದೆ ಅಲ್ವಾ, ಆ ಕಿರಿದಾದ ಜಾಗ ದಾಟಿ ಹಿಗ್ಗುವ ಸ್ಟೀಮ್ ಒತ್ತಡ ಕಳೆದುಕೊಂಡು ಶಬ್ದಕ್ಕಿಂತ ಜಾಸ್ತಿ ವೇಗದಲ್ಲಿ ಹೊರಗೆ ಚಿಮ್ಮುತ್ತದೆ. ಅಲ್ಲಿ ಒತ್ತಡ ತೀರಾ ಕಡಿಮೆ. ಹಾಗಾಗಿ ಪಾತ್ರೆಯೊಳಗಿನ ಗಾಳಿ, ಆವಿ ಎಲ್ಲ ಅತ್ತ ನುಗ್ಗಿ ಸ್ಟೀಮ್ ಜೊತೆ ಓಡುತ್ತವೆ. ಮುಂದಿನ ಡಿಫ್ಯೂಸರ್‌ನಲ್ಲಿ (ಕೊನೆಗೆ ಅಗಲವಾಗುತ್ತಾ ಹೋಗುವ ಕೊಳವೆ) ವೇಗ ಇಳಿದು ಒತ್ತಡ ಮತ್ತೆ ಏರುತ್ತದೆ.

ಒಂದು ಎಜೆಕ್ಟರ್ ತಾನು ಎಳೆದ ಗಾಳಿಯ ಒತ್ತಡವನ್ನು ಸುಮಾರು 10 ಪಟ್ಟು ಏರಿಸಬಲ್ಲದು, ಅದಕ್ಕಿಂತ ಆಳದ ವ್ಯಾಕ್ಯೂಮ್ ಬೇಕಾದರೆ ಎರಡು ಮೂರನ್ನು ಸಾಲಾಗಿ ಜೋಡಿಸುತ್ತಾರೆ. ನಡುವಿನ ಕಂಡೆನ್ಸರ್ ಬಹಳ ಮುಖ್ಯ. ಅದು ಸ್ಟೀಮನ್ನು ನೀರಾಗಿಸಿ ತೆಗೆದುಬಿಡುವುದರಿಂದ ಮುಂದಿನ ಎಜೆಕ್ಟರ್‌ಗೆ ಉಳಿಯುವುದು ಹೆಚ್ಚಾಗಿ ಗಾಳಿ ಮಾತ್ರ.

ಸ್ಟೀಮ್ ಪ್ರೆಶರ್ ಡಿಸೈನ್‌ನಲ್ಲಿ ಹೇಳಿದ್ದಕ್ಕಿಂತ ಕಡಿಮೆಯಿದ್ದರೆ ಮೊದಲು ಅದನ್ನು ಸರಿಮಾಡಿ. ಸರಿಯಿದ್ದೂ ಸುಮ್ನೆ ಏರಿಸಿದರೆ ಸ್ಟೀಮ್ ಖರ್ಚು ಹೆಚ್ಚಿ ಕಂಡೆನ್ಸರ್ ಮೇಲೆ ಹೊರೆ ಬೀಳುತ್ತದೆ, ಅಷ್ಟೇ. ಕೂಲಿಂಗ್ ನೀರು ಬಿಸಿಯಾಗಿದೆಯಾ, ಪೈಪ್ ಜೋಡಿಸುವ ಫ್ಲ್ಯಾಂಜ್‌ನಲ್ಲಿ ಗಾಳಿ ಒಳಗೆ ಸೋರುತ್ತಿದೆಯಾ ನೋಡಿ. ಒದ್ದೆ ಸ್ಟೀಮ್ ಇದ್ದರಂತೂ ನೀರಿನ ಹನಿಗಳು ನಾಝಲ್‌ನ ಒಳಗೋಡೆಯನ್ನು ಕೊರೆದು ತೂತನ್ನೇ ದೊಡ್ಡದು ಮಾಡುತ್ತವೆ. ಬಿಚ್ಚಿ ಅಳತೆ ತೆಗೆದು ಡ್ರಾಯಿಂಗ್ ಜೊತೆ ಹೋಲಿಸಿ, ಸವೆದಿದ್ದರೆ ಬದಲಿಸಲೇಬೇಕು.